ಸೈಕಲ್‌ಗೆ ವಾಹನ ಡಿಕ್ಕಿ: ಗಡಿ ಹಳ್ಳಿಗಳ ಸವಾರರು ತಿಳಿದಿರಬೇಕಾದ ಹಕ್ಕುಗಳು

ರಾಯದುರ್ಗದ ಕಡೆಯವರಿಗೆ ಮೊಳಕಾಲ್ಮೂರು, ಬಳ್ಳಾರಿ ಹತ್ತಿರ. ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆ ಮಂಡಲಗಳವರಿಗೆ ಶಿರಾ, ಮಧುಗಿರಿ, ಪಾವಗಡ ಹತ್ತಿರ. ಹೊಲಕ್ಕೆ, ಕೂಲಿಗೆ, ಶಾಲೆಗೆ, ಸಂತೆಗೆ ಸೈಕಲ್ ತುಳಿಯುವವರು ಆಂಧ್ರ ಯಾವುದು, ಕರ್ನಾಟಕ ಯಾವುದು ಎಂದು ನೋಡಿಕೊಂಡು ಹೋಗುವುದಿಲ್ಲ. ಲಾರಿಯೋ ಬೈಕೋ ಗುದ್ದಿದಾಗ ಮಾತ್ರ ಗಡಿ ನೆನಪಾಗುತ್ತದೆ. ದೂರು ಎಲ್ಲಿ ಕೊಡಬೇಕು, ಕೇಸು ಯಾವ ರಾಜ್ಯದಲ್ಲಿ ಹಾಕಬೇಕು ಎಂದು ತಿಳಿಯದೆ ರಸ್ತೆ ಬದಿಯಲ್ಲೇ ಒಂದೆರಡು ಸಾವಿರಕ್ಕೆ ರಾಜಿಯಾಗುವುದೂ ಉಂಟು. ಆದರೆ ಗಡಿಯ ಯಾವ ಬದಿಯಲ್ಲಿ ಅಪಘಾತವಾದರೂ ಗಾಯಾಳುವಿನ ಹಕ್ಕು ಒಂದೇ. ಮೋಟಾರು ವಾಹನ ಕಾಯ್ದೆ, 1988 ಎರಡೂ ರಾಜ್ಯಗಳಿಗೆ ಅನ್ವಯಿಸುತ್ತದೆ.

ಸೈಕಲ್‌ಗೆ ವಿಮೆ ಬೇಕೆ?

ಬೇಡ. ಸೈಕಲ್ ಮೋಟಾರು ವಾಹನವಲ್ಲ. ಅದಕ್ಕೆ ಲೈಸೆನ್ಸ್, ನೋಂದಣಿ, ವಿಮೆ ಯಾವುದೂ ಬೇಕಿಲ್ಲ. ಹೆಲ್ಮೆಟ್ ಕಡ್ಡಾಯದ ಕಲಂ ಕೂಡ ಮೋಟಾರ್‌ಸೈಕಲ್ ಸವಾರರಿಗೆ ಮಾತ್ರ. ಗುದ್ದಿದ ವಾಹನಕ್ಕೆ ಮಾತ್ರ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆ ವಿಮೆಯ ಲೆಕ್ಕದಲ್ಲಿ ಸೈಕಲ್ ಸವಾರನೇ 'ಮೂರನೆಯ ವ್ಯಕ್ತಿ'. ಪರಿಹಾರವನ್ನು ವಿಮಾ ಕಂಪನಿ ಕೊಡಬೇಕು. ವಾಹನಕ್ಕೆ ವಿಮೆಯೇ ಇಲ್ಲದಿದ್ದರೆ ಮಾಲೀಕನೇ ಹೊಣೆ. ಎರಡು ಸೈಕಲ್‌ಗಳು ಪರಸ್ಪರ ಗುದ್ದಿದರೆ ಮಾತ್ರ ಈ ಕಾಯ್ದೆ ಬರುವುದಿಲ್ಲ. ಅದಕ್ಕೆ ಪೊಲೀಸ್ ದೂರು ಮತ್ತು ಸಿವಿಲ್ ದಾವೆಯ ದಾರಿ ಇದೆ.

ಮೊದಲ ಗಂಟೆ

108ಕ್ಕೆ ಅಥವಾ 112ಕ್ಕೆ ಫೋನ್ ಮಾಡಬೇಕು. ಸರ್ಕಾರಿ ಇರಲಿ, ಖಾಸಗಿ ಇರಲಿ, ತುರ್ತು ಚಿಕಿತ್ಸೆ ಕೊಡುವುದು ಪ್ರತಿ ವೈದ್ಯರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದ ದಾರಿಹೋಕರು ತಮ್ಮ ಹೆಸರು, ವಿಳಾಸ ಕೊಡಲೇಬೇಕೆಂದು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಒತ್ತಾಯಿಸುವಂತಿಲ್ಲ. 2019ರ ತಿದ್ದುಪಡಿಯ 134-ಎ ಕಲಂ ಅವರಿಗೆ ರಕ್ಷಣೆ ಕೊಡುತ್ತದೆ.

ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ನಗದುರಹಿತ ಚಿಕಿತ್ಸಾ ಯೋಜನೆ ಜಾರಿಗೆ ತಂದಿದೆ. ಮೋಟಾರು ವಾಹನದಿಂದ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ಅಪಘಾತದ ದಿನದಿಂದ 7 ದಿನಗಳವರೆಗೆ 1.5 ಲಕ್ಷ ರೂ. ತನಕ ಚಿಕಿತ್ಸೆ ಸಿಗುತ್ತದೆ. ಬೇರೆ ಆಸ್ಪತ್ರೆಗಳಲ್ಲಿ ಜೀವ ಸ್ಥಿರಗೊಳಿಸುವಷ್ಟು ಚಿಕಿತ್ಸೆ ಮಾತ್ರ ಇದರಡಿ ಬರುತ್ತದೆ. ದಾಖಲಾಗುವಾಗಲೇ ಈ ಯೋಜನೆಯ ಬಗ್ಗೆ ವಿಚಾರಿಸಬೇಕು.

ಆಸ್ಪತ್ರೆಯಲ್ಲಿ 'ಸೈಕಲ್‌ನಿಂದ ಬಿದ್ದರು' ಎಂದು ಬರೆಸಬಾರದು. ಯಾವ ವಾಹನ, ಎಲ್ಲಿ, ಎಷ್ಟು ಗಂಟೆಗೆ ಗುದ್ದಿತು ಎಂಬುದನ್ನು ಮೊದಲ ಚೀಟಿಯಲ್ಲೇ ಬರೆಸಿ, ಎಂಎಲ್‌ಸಿ ಎಂದು ದಾಖಲಿಸಲು ಹೇಳಬೇಕು. ವಿಮಾ ಕಂಪನಿಯ ವಕೀಲರು ಮೊದಲು ಹುಡುಕುವುದು ಈ ಚೀಟಿಯನ್ನೇ.

ದೂರು ಯಾವ ಠಾಣೆಯಲ್ಲಿ?

ಅಪಘಾತ ನಡೆದ ಜಾಗದ ಠಾಣೆಯಲ್ಲಿ ಕೊಡುವುದು ಸರಳ. ಆದರೆ ಪಾವಗಡದ ಕಡೆ ಗಾಯಗೊಂಡವರನ್ನು ಮಡಕಶಿರಾ ಕಡೆಗೆ ಕರೆತಂದಿದ್ದರೆ ಇಲ್ಲಿನ ಠಾಣೆಯಲ್ಲೂ ದೂರು ಕೊಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲೇ ನಡೆದಿರಲಿ, ದೂರು ದಾಖಲಿಸಬೇಕು. ಇದನ್ನೇ ಜೀರೋ ಎಫ್‌ಐಆರ್ ಎನ್ನುತ್ತಾರೆ. ನಂತರ ಅದು ಸಂಬಂಧಿಸಿದ ಠಾಣೆಗೆ ಹೋಗುತ್ತದೆ.

ಬರೆದುಕೊಂಡ ದೂರನ್ನು ಓದಿ ಹೇಳುವುದು ಮತ್ತು ಪ್ರತಿಯನ್ನು ಉಚಿತವಾಗಿ ಕೊಡುವುದು ಪೊಲೀಸರ ಕರ್ತವ್ಯ. ತೆಲುಗು ಮಾತನಾಡಲು ಬಂದರೂ ಓದಲು ಬಾರದವರು ನಮ್ಮಲ್ಲಿ ಇದ್ದಾರೆ. ಪೂರ್ತಿ ಓದಿಸಿ ಕೇಳಿಕೊಳ್ಳದೆ ಸಹಿ ಅಥವಾ ಹೆಬ್ಬೆಟ್ಟು ಹಾಕಬಾರದು. ಖಾಲಿ ಕಾಗದಕ್ಕೆ ಯಾರು ಕೇಳಿದರೂ ಸಹಿ ಬೇಡ.

ಕೇಸು ಮನೆಯ ಹತ್ತಿರವೇ

ಪರಿಹಾರದ ಅರ್ಜಿಯನ್ನು ವಿಚಾರಿಸುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. 166ನೇ ಕಲಂ ಪ್ರಕಾರ ಅಪಘಾತ ನಡೆದ ಕಡೆ, ಅರ್ಜಿದಾರ ವಾಸಿಸುವ ಅಥವಾ ವ್ಯಾಪಾರ ಮಾಡುವ ಕಡೆ, ಇಲ್ಲವೇ ಎದುರುದಾರ ವಾಸಿಸುವ ಕಡೆ ಅರ್ಜಿ ಹಾಕಬಹುದು. ಹಾಗಾಗಿ ಮೊಳಕಾಲ್ಮೂರಿನ ಬಳಿ ಕರ್ನಾಟಕದ ಲಾರಿ ಗುದ್ದಿದರೂ ರಾಯದುರ್ಗದ ಸವಾರ ಅನಂತಪುರದಲ್ಲೇ ಕೇಸು ನಡೆಸಬಹುದು. ಮಡಕಶಿರಾ 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. ಅರ್ಜಿಯಲ್ಲಿ ಜಿಲ್ಲೆಯ ಹೆಸರು ಸರಿಯಾಗಿರಲಿ. ಕರ್ನಾಟಕದ ಪೊಲೀಸ್ ದಾಖಲೆಗಳು ಕನ್ನಡದಲ್ಲಿರುವುದರಿಂದ ಆಂಧ್ರದಲ್ಲಿ ಅವುಗಳ ಅನುವಾದ ಕೇಳಬಹುದು. ಮೊದಲೇ ಮಾಡಿಸಿಡುವುದು ಒಳ್ಳೆಯದು.

ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ನಿಯಮ 2022ರ ಏಪ್ರಿಲ್ 1ರಿಂದ ಬಂದಿದೆ. ಈ ಗಡುವನ್ನು ಪ್ರಶ್ನಿಸಿದ ಪ್ರಕರಣದಲ್ಲಿ, ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ನೀಡಿತು. ಅದನ್ನೇ ನಂಬಿ ಕೂರದೆ 6 ತಿಂಗಳೊಳಗೆ ಅರ್ಜಿ ಹಾಕುವುದೇ ಕ್ಷೇಮ.

ಎಷ್ಟು ಪರಿಹಾರ?

ಚಾಲಕನ ತಪ್ಪನ್ನು ಸಾಬೀತು ಮಾಡದೆಯೂ 164ನೇ ಕಲಂ ಅಡಿ ಸಾವಿಗೆ 5 ಲಕ್ಷ ರೂ., ತೀವ್ರ ಗಾಯಕ್ಕೆ 2.5 ಲಕ್ಷ ರೂ. ಸಿಗುತ್ತದೆ. ಮೂಳೆ ಮುರಿತ ತೀವ್ರ ಗಾಯವೇ. ಹೆಚ್ಚಿನ ನಷ್ಟವಾಗಿದ್ದರೆ 166ನೇ ಕಲಂ ಅಡಿ ಚಾಲಕನ ತಪ್ಪನ್ನು ತೋರಿಸಿ ಪೂರ್ತಿ ಪರಿಹಾರ ಕೇಳಬಹುದು. ಆಸ್ಪತ್ರೆ ಖರ್ಚು, ಹೋದ ಕೂಲಿ, ಮುಂದಿನ ದುಡಿಮೆಯ ನಷ್ಟ, ನೋವು, ಮುರಿದ ಸೈಕಲ್ ಎಲ್ಲವೂ ಅದರಲ್ಲಿ ಬರುತ್ತವೆ. 164ರ ಹಣವನ್ನು ವಿಮಾ ಕಂಪನಿಯಿಂದ ಒಪ್ಪಿಕೊಂಡರೆ 166ರ ಅರ್ಜಿ ರದ್ದಾಗುತ್ತದೆ. ಆದ್ದರಿಂದ ಹಣ ಪಡೆಯುವ ಮುನ್ನ ವಕೀಲರನ್ನು ಕೇಳಬೇಕು.

ಒಂದು ಲೆಕ್ಕ ನೋಡಿ. 38 ವರ್ಷದ ಕೂಲಿಯವನ ತಿಂಗಳ ದುಡಿಮೆ 10,000 ರೂ. ಎಂದುಕೊಳ್ಳೋಣ. ಕಾಲಿನ ಗಾಯದಿಂದ ದುಡಿಯುವ ಶಕ್ತಿ ಶೇ. 20 ಕುಗ್ಗಿದೆ. ಸುಪ್ರೀಂ ಕೋರ್ಟ್ 2009ರಲ್ಲಿ ಗೊತ್ತುಮಾಡಿದ ಪಟ್ಟಿಯಂತೆ 36ರಿಂದ 40 ವರ್ಷದವರಿಗೆ ಗುಣಕ 15. ವರ್ಷದ ದುಡಿಮೆ 1,20,000 ರೂ.ಗಳನ್ನು 15ರಿಂದ ಗುಣಿಸಿ ಶೇ. 20 ತೆಗೆದರೆ 3,60,000 ರೂ. ಆಗುತ್ತದೆ. ಆಸ್ಪತ್ರೆ ಖರ್ಚು ಮತ್ತು ಉಳಿದ ಬಾಬ್ತುಗಳು ಇದಕ್ಕೆ ಸೇರುತ್ತವೆ. ರಸ್ತೆ ಬದಿಯ ರಾಜಿಯಲ್ಲಿ ಕೈಬಿಟ್ಟು ಹೋಗುವುದು ಇಷ್ಟು ಹಣ.

ಕೂಲಿಗೆ ರಸೀದಿ ಇಲ್ಲವೆಂದು ಹೆದರಬೇಕಿಲ್ಲ. ಕರ್ನಾಟಕದ ಒಬ್ಬ ಕೂಲಿ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ, ಅವರು ಹೇಳಿದ ತಿಂಗಳ 4,500 ರೂ. ದುಡಿಮೆಯನ್ನು ದಾಖಲೆ ಇಲ್ಲದೆಯೇ ಒಪ್ಪಿಕೊಂಡಿತು. ಸವಾರನ ತಪ್ಪೂ ಸ್ವಲ್ಪ ಇದ್ದರೆ ಅಷ್ಟು ಪಾಲು ಕಡಿತವಾಗುತ್ತದೆ.

ಗುದ್ದಿ ಓಡಿಹೋದರೆ

ವಾಹನ ಪತ್ತೆಯಾಗದಿದ್ದರೂ ಸಾವಿಗೆ 2 ಲಕ್ಷ ರೂ., ತೀವ್ರ ಗಾಯಕ್ಕೆ 50,000 ರೂ. ಪರಿಹಾರವಿದೆ. ಈ ಮೊತ್ತ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಇದಕ್ಕೆ ಕೋರ್ಟಿಗೆ ಹೋಗಬೇಕಿಲ್ಲ. ಅಪಘಾತ ನಡೆದ ಭಾಗದ ಆರ್‌ಡಿಒ ಅಥವಾ ತಹಶೀಲ್ದಾರ್ ಕಚೇರಿಯಲ್ಲಿ ವಿಚಾರಿಸಿ, ಎಫ್‌ಐಆರ್ ಮತ್ತು ವೈದ್ಯಕೀಯ ದಾಖಲೆಗಳೊಂದಿಗೆ ಅರ್ಜಿ ಕೊಡಬೇಕು. ಮಂಜೂರು ಮಾಡುವವರು ಜಿಲ್ಲಾ ಕಲೆಕ್ಟರ್.

ವಕೀಲರಿಗೆ ಹಣವಿಲ್ಲದಿದ್ದರೆ

ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆಯಬಹುದು. ಸಹಾಯವಾಣಿ 15100. ಲೋಕ ಅದಾಲತ್‌ನಲ್ಲಿ ಬೇಗ ಮುಗಿಸಬಹುದು, ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ. ಮೊತ್ತ ಸರಿಯಾಗಿದೆಯೇ ಎಂದು ನೋಡಿಯೇ ಒಪ್ಪಬೇಕು.

ಅಪಘಾತ ತಪ್ಪಿಸಲು

* ಸೈಕಲ್ ಹಿಂದೆ ಕೆಂಪು ರಿಫ್ಲೆಕ್ಟರ್ ಇರಲಿ. ಹಾಲಿನ ಕ್ಯಾನ್, ಹುಲ್ಲಿನ ಹೊರೆ ಅದನ್ನು ಮುಚ್ಚದಿರಲಿ.
* ಕತ್ತಲಲ್ಲಿ ತಿಳಿ ಬಣ್ಣದ ಬಟ್ಟೆ ತೊಟ್ಟು ಟಾರ್ಚ್ ಅಥವಾ ಲೈಟ್ ಇಟ್ಟುಕೊಳ್ಳಬೇಕು. ಸದಾ ಎಡಬದಿಯಲ್ಲೇ ಹೋಗಬೇಕು.
* ಸುಗ್ಗಿಯಲ್ಲಿ ರಸ್ತೆ ಮೇಲೆ ಶೇಂಗಾ, ರಾಗಿ ಹರಡಿದ್ದರೆ ನಡು ರಸ್ತೆಗೆ ಬರುವ ಮುನ್ನ ಹಿಂದೆ ನೋಡಬೇಕು. ಆಗದಿದ್ದರೆ ಇಳಿದು ತಳ್ಳಿಕೊಂಡು ಹೋಗಬೇಕು.
* ಹಿಂಬದಿ ಲೈಟ್ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳಿಂದ ದೂರವಿರಬೇಕು.
* ಬ್ರೇಕ್ ರಬ್ಬರ್, ಬೆಲ್ ಆಗಾಗ ನೋಡಿಕೊಳ್ಳಬೇಕು. ಕಡ್ಡಾಯವಲ್ಲದಿದ್ದರೂ ಹೆಲ್ಮೆಟ್ ಹಾಕುವುದು ತಲೆಗೆ ರಕ್ಷಣೆ.

ಅಪಘಾತವಾದರೆ ವಾಹನದ ನಂಬರ್, ಸ್ಥಳದ ಫೋಟೊ, ಇಬ್ಬರು ಸಾಕ್ಷಿಗಳ ಫೋನ್ ನಂಬರ್, ಎಫ್‌ಐಆರ್ ಪ್ರತಿ, ಆಸ್ಪತ್ರೆಯ ಚೀಟಿ ಮತ್ತು ಪ್ರತಿ ಔಷಧಿ ಬಿಲ್ಲನ್ನು ಒಂದೇ ಕಡೆ ಜೋಪಾನ ಮಾಡಬೇಕು. ಮುರಿದ ಸೈಕಲನ್ನು ಪೊಲೀಸರು ನೋಡುವ ತನಕ ರಿಪೇರಿ ಮಾಡಿಸಬಾರದು, ಗುಜರಿಗೂ ಹಾಕಬಾರದು.