ಆಲೂಗಡ್ಡೆ ತಲೆಯ ಗೊಂಬೆ

ಅಜ್ಜಿಯ ಹುಟ್ಟುಹಬ್ಬಕ್ಕೋ ಅಕ್ಕನ ಮದುವೆಗೋ ಮಕ್ಕಳು ತಮ್ಮ ಕೈಯಾರೆ ಮಾಡಿಕೊಡುವ ಓಲೆ, ಪದಕ, ಪುಟ್ಟ ಗೊಂಬೆಗಳಲ್ಲಿ ‘ಪಾಲಿಮರ್ ಕ್ಲೇ’ ಎಂಬ ಬಣ್ಣದ ಮುದ್ದೆಯನ್ನು ಹಲವರು ಕಂಡಿರಬಹುದು. ಹೆಸರಿನಲ್ಲಿ ಜೇಡಿಮಣ್ಣು ಇದೆಯಾದರೂ ಕುಂಬಾರನ ಮಣ್ಣಿಗೂ ಇದಕ್ಕೂ ನಂಟಿಲ್ಲ. ನಮ್ಮ ಮನೆಗಳ ನೀರಿನ ಕೊಳವೆಗಳಿಗೆ ಬಳಸುವ ಪಿ.ವಿ.ಸಿ. ಪ್ಲಾಸ್ಟಿಕ್ಕೇ ಇದರ ಮೂಲದ್ರವ್ಯ. ಅದರ ನುಣ್ಣನೆಯ ಪುಡಿಗೆ ಎಣ್ಣೆಯಂಥ ದ್ರವವೊಂದನ್ನೂ ಬಣ್ಣವನ್ನೂ ಬೆರೆಸಿದಾಗ ಚಪಾತಿ ಹಿಟ್ಟಿನಂತೆ ನಾದಬಲ್ಲ ಮುದ್ದೆಯಾಗುತ್ತದೆ. ಮಣ್ಣು ನೀರಾರಿ ಗಟ್ಟಿಯಾದರೆ, ಇದು ಗಟ್ಟಿಯಾಗುವುದು ಶಾಖದಿಂದ ಕಣಗಳು ಒಂದಕ್ಕೊಂದು ಬೆಸೆದುಕೊಂಡಾಗ. ಅದಕ್ಕೆ ಕುಂಬಾರನ ಆವಿಗೆ ಬೇಕಿಲ್ಲ. ಸುಮಾರು 110 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅರ್ಧ ಗಂಟೆ ಇಟ್ಟರೆ ಸಾಕು.

ಈ ಸಾಮಾನ್ಯ ವಸ್ತುವಿನ ಹಿಂದೆ ಒಂದು ಕುಟುಂಬದ ಕಥೆಯಿದೆ. ಅದು ಆರಂಭವಾಗುವುದೂ ಮನೆಯಲ್ಲಿ ಮಾಡಿದ ಒಂದು ಉಡುಗೊರೆಯಿಂದಲೇ.

1905ರ ಮಾತು. ಜರ್ಮನಿಯ ನಟಿ ಕೇಟೆ ಕ್ರೂಸೆ ತನ್ನ ಪುಟ್ಟ ಮಕ್ಕಳೊಡನೆ ಸ್ವಿಟ್ಜರ್ಲೆಂಡಿನ ಆಸ್ಕೋನಾದಲ್ಲಿ ವಾಸವಾಗಿದ್ದಳು. ಮಕ್ಕಳ ತಂದೆ ಮಾಕ್ಸ್ ಕ್ರೂಸೆ ಹೆಸರಾಂತ ಶಿಲ್ಪಿ. ಆತ ಇದ್ದದ್ದು ಬರ್ಲಿನ್ನಿನಲ್ಲಿ. ಹಿರಿಯ ಮಗಳು ಮಾರಿಯಾ 1902ರಲ್ಲಿ ಹುಟ್ಟಿದವಳು, ಎರಡನೆಯವಳು ಸೋಫೀ 1904ರಲ್ಲಿ. ತಾಯಿಯ ತೊಡೆಯ ಮೇಲಿದ್ದ ತಂಗಿಯನ್ನು ನೋಡಿ ಮಾರಿಯಾಳಿಗೂ ಎತ್ತಿಕೊಳ್ಳಲು ತನ್ನದೇ ಆದ ಒಂದು ಮಗು ಬೇಕಾಯಿತು. ಬರ್ಲಿನ್ನಿನಿಂದ ಗೊಂಬೆಯೊಂದನ್ನು ಕಳುಹಿಸೆಂದು ಕೇಟೆ ಕೇಳಿದರೆ, ಮಾಕ್ಸ್ ಒಪ್ಪಲಿಲ್ಲ. ಅಂಗಡಿಯ ಗೊಂಬೆಗಳು ಅಸಹ್ಯವಾಗಿವೆ, ನೀವೇ ಮಾಡಿಕೊಳ್ಳಿ ಎಂದುಬಿಟ್ಟನು. ಆ ಕಾಲದ ಗೊಂಬೆಗಳೆಂದರೆ ಪಿಂಗಾಣಿಯ ತಲೆ, ಗಾಜಿನ ಕಣ್ಣು. ಬಿದ್ದರೆ ಒಡೆಯುವ, ಮುಟ್ಟಿದರೆ ತಣ್ಣಗೆ ಕೊರೆಯುವ ಚೆಲುವೆಯರು. ಮಗು ಅಪ್ಪಿಕೊಂಡು ಮಲಗಲು ಅವು ತಕ್ಕವಾಗಿರಲಿಲ್ಲ.

ಕೇಟೆ ಒಂದು ಟವೆಲ್ಲಿಗೆ ಮರಳು ತುಂಬಿದಳು, ಮೂಲೆಗಳಿಗೆ ಗಂಟು ಹಾಕಿ ಕೈಕಾಲು ಮಾಡಿದಳು, ತಲೆಯ ಸ್ಥಾನದಲ್ಲಿ ಒಂದು ಆಲೂಗಡ್ಡೆಯನ್ನು ಕೂರಿಸಿದಳು. ಆಲೂಗಡ್ಡೆ ಎಷ್ಟು ದಿನ ಬಾಳೀತು? ಗೊಂಬೆ ಬೇಗ ಹಾಳಾಯಿತು. ಆದರೆ ಎತ್ತಿಕೊಂಡಾಗ ಕೂಸಿನಂತೆಯೇ ಭಾರವಾಗಿ ತೋಳಿಗೆ ಒರಗುತ್ತಿದ್ದ ಅದನ್ನು ಮಗು ಮನಸಾರೆ ಪ್ರೀತಿಸಿತು. ತಾಯಿ ಪಾಠ ಕಲಿತಳು. ಮುಂದಿನ ವರ್ಷಗಳಲ್ಲಿ ಬಟ್ಟೆಯ ತಲೆಗೆ ಕೈಯಿಂದ ಮುಖ ಬರೆದು ಗೊಂಬೆಯನ್ನು ತಿದ್ದುತ್ತಲೇ ಹೋದಳು. 1910ರಲ್ಲಿ ಬರ್ಲಿನ್ನಿನ ಟೀಟ್ಸ್ ಎಂಬ ದೊಡ್ಡ ಅಂಗಡಿಯಲ್ಲಿ ಮನೆಯಲ್ಲಿ ಮಾಡಿದ ಆಟಿಕೆಗಳ ಪ್ರದರ್ಶನ ನಡೆದಾಗ ಅವಳ ಗೊಂಬೆಗಳು ಜನರ ಮನಗೆದ್ದವು. ಅನತಿಕಾಲದಲ್ಲೇ ಅಮೆರಿಕದಿಂದ 150 ಗೊಂಬೆಗಳಿಗೆ ಬೇಡಿಕೆ ಬಂತು. 1912ರ ವೇಳೆಗೆ ಬಾಡ್ ಕ್ಯೋಸೆನ್ ಎಂಬ ಊರಿನಲ್ಲಿ ಕಾರ್ಯಾಗಾರ ನೆಲೆಗೊಂಡಿತು. ಏಳು ಮಕ್ಕಳ ತಾಯಿಯಾದ ಆಕೆ ಒಂದು ಉದ್ಯಮಕ್ಕೂ ತಾಯಿಯಾದಳು.

ಆಮೇಲೆ ಎರಡನೆಯ ಮಹಾಯುದ್ಧ. ಗೊಂಬೆಯ ತಲೆಗೆ ಬೇಕಾದ ಸಾಮಗ್ರಿ ಸಿಗುವುದು ದುರ್ಲಭವಾಯಿತು. ಆ ದಿನಗಳಲ್ಲಿ, ಬದಲಿ ಸಾಮಗ್ರಿಯಾದೀತೆಂದು, ಪ್ಲಾಸ್ಟಿಕ್ಕಿನ ಒಂದು ಮುದ್ದೆ ಕೇಟೆಯ ಬಳಿಗೆ ಬಂತು. ಕಾರ್ಯಾಗಾರಕ್ಕೆ ಅದು ಒಗ್ಗಲಿಲ್ಲ. ಎಸೆಯಬಹುದಾಗಿದ್ದ ಆ ಮುದ್ದೆಯನ್ನು ಆಕೆ ಮಗಳಿಗೆ ಕೊಟ್ಟಳು. ಯಾವ ಮಗಳಿಗೆ? ಅಂದು ತೊಡೆಯ ಮೇಲಿದ್ದ ಸೋಫೀಗೆ. ಮನೆಯವರು ಅವಳನ್ನು ಕರೆಯುತ್ತಿದ್ದುದು ಫಿಫಿ ಎಂದು.

ಫಿಫಿ ಅದನ್ನು ಪಳಗಿಸಿದಳು. ಮನೆಯ ಒಲೆಯ ಶಾಖದಲ್ಲೇ ಗಟ್ಟಿಯಾಗುವ ಬಣ್ಣದ ಮುದ್ದೆಯಾಗಿ ರೂಪಿಸಿ, 1950ರ ದಶಕದಲ್ಲಿ ‘ಫಿಫಿ ಮೊಸಾಯಿಕ್’ ಎಂಬ ಹೆಸರಿನಲ್ಲಿ ಮಾರಿದಳು. 1964ರಲ್ಲಿ ಅದರ ಸೂತ್ರವನ್ನು ಎಬರ್‌ಹಾರ್ಡ್ ಫಾಬರ್ ಸಂಸ್ಥೆ ಕೊಂಡುಕೊಂಡಿತು. ಲೋಕಪ್ರಸಿದ್ಧವಾದ ‘ಫಿಮೋ’ ಅದೇ. ಆ ಹೆಸರಿನ ಮೊದಲಕ್ಷರ ಫಿಫಿಯದು. 1978ರಲ್ಲಿ ಆ ಸಂಸ್ಥೆಯನ್ನು ಸ್ಟೆಡ್ಲರ್ ಕೊಂಡಿತು. ನಮ್ಮ ವಿದ್ಯಾರ್ಥಿಗಳ ಕಂಪಾಸು ಪೆಟ್ಟಿಗೆಗಳಲ್ಲಿನ ಪೆನ್ಸಿಲ್ಲುಗಳಿಂದ ಪರಿಚಿತವಾದ ಸ್ಟೆಡ್ಲರ್ ಇದೇ. ಅಮೆರಿಕದಲ್ಲಿ ‘ಸ್ಕಲ್ಪಿ’ ಎಂಬ ಇಂಥದ್ದೇ ಮುದ್ದೆ 1960ರ ದಶಕದಲ್ಲಿ ಬೇರೆಯದೇ ದಾರಿಯಲ್ಲಿ ಬಂತು; ಮೊದಲಿಗೆ ಅದನ್ನು ಉದ್ದೇಶಿಸಿದ್ದು ವಿದ್ಯುತ್ ಟ್ರಾನ್ಸ್‌ಫಾರ್ಮರುಗಳಿಗಾಗಿ.

ಈ ಚರಿತ್ರೆಯಲ್ಲಿ ನನ್ನ ಮನಸ್ಸು ನಿಲ್ಲುವುದು ಒಂದು ವಿಚಿತ್ರ ತಿರುವಿನಲ್ಲಿ. ತಾಯಿ ಮಗಳಿಗಾಗಿ ಮಾಡಿದ ಗೊಂಬೆ ಕಾರ್ಯಾಗಾರವಾಯಿತು, ಪೇಟೆಯ ಸರಕಾಯಿತು. ಕಾರ್ಯಾಗಾರಕ್ಕೆ ಬೇಡವಾದ ಮುದ್ದೆಯಾದರೋ ಇನ್ನೊಬ್ಬ ಮಗಳ ಕೈಸೇರಿ, ಮರಳಿ ಸಾವಿರಾರು ಮನೆಗಳ ಊಟದ ಮೇಜಿಗೆ ಬಂತು. ಯಾರು ಬೇಕಾದರೂ ತಮ್ಮವರಿಗಾಗಿ ಏನಾದರೂ ಮಾಡಬಹುದಾಯಿತು. ಮಾರಿಯಾಳ ಆಲೂಗಡ್ಡೆ ಗೊಂಬೆಯನ್ನು ಯಾವ ಅಂಗಡಿಯವನೂ ಕೊಳ್ಳುತ್ತಿರಲಿಲ್ಲ. ಆದರೆ ಅದನ್ನು ಮಾಡುವ ಮುನ್ನ ಆ ತಾಯಿ ಒಂದನ್ನು ಮಾತ್ರ ಸರಿಯಾಗಿ ಗಮನಿಸಿದ್ದಳು: ಮಗುವಿಗೆ ಬೇಕಾಗಿದ್ದುದು ನೋಡುವ ಗೊಂಬೆಯಲ್ಲ, ಎತ್ತಿಕೊಳ್ಳುವ ಕೂಸು.

ಕೈಯಾರೆ ಮಾಡುವ ಉಡುಗೊರೆಯ ಗುಟ್ಟೂ ಇಷ್ಟೇ. ಪಡೆಯುವವರನ್ನು ಮೊದಲು ನೋಡಬೇಕು, ಆಮೇಲೆ ಮುದ್ದೆಯನ್ನು. ಕಣ್ಣು ಮಂಜಾದ ತಾತನಿಗೆ ಬೀಗದ ಕೈಗೊಂಚಲಿಗೆ ಕಟ್ಟುವ, ಬೆರಳಿಗೆ ಗುರುತು ಹತ್ತುವ ದಪ್ಪ ಬಿಲ್ಲೆಯೇ ನವಿಲಿನ ಬೊಂಬೆಗಿಂತ ಉಪಕಾರಿ. ಮೊಮ್ಮಕ್ಕಳಿಂದ ಮಾಡಿಸುವವರಿಗೆ ಹಳೆಯ ಮೇಷ್ಟರ ಒಂದು ಎಚ್ಚರಿಕೆ: ಪೊಟ್ಟಣದ ಮೇಲೆ ಬರೆದಿರುವ ಶಾಖವನ್ನು ಮೀರಬೇಡಿ, ಸೀದುಹೋದರೆ ಪಿ.ವಿ.ಸಿ. ಕೆಟ್ಟ ಹೊಗೆ ಬಿಡುತ್ತದೆ. ಅದಕ್ಕೆ ಬಳಸಿದ ತಟ್ಟೆಯನ್ನು ಅಡುಗೆಗೆ ಬಳಸಬೇಡಿ. ಮೇಲ್ಮೈಯಲ್ಲಿ ಮಗುವಿನ ಬೆರಳಚ್ಚು ಉಳಿದಿದ್ದರೆ ಮಾತ್ರ ಉಜ್ಜಿ ಅಳಿಸಲು ಹೋಗಬೇಡಿ.