ಇಂಡೋನೇಷ್ಯ: ಸೈನ್ಯವು ಶಾಸನಸಭೆಯನ್ನು ಬಿಟ್ಟ ಬಗೆ

ಇಂಡೋನೇಷ್ಯವೆಂದೊಡನೆ ನಮ್ಮಲ್ಲಿ ಹಲವರಿಗೆ 1955ರ ಬಾಂಡುಂಗ್ ಸಮ್ಮೇಳನವೂ ನೆಹರೂ, ಸುಕರ್ಣೊ ಅವರ ಹೆಸರುಗಳೂ ನೆನಪಾಗುತ್ತವೆ. ಅಲ್ಲಿನ ನುಡಿಯೂ ನಮಗೆ ತೀರ ಪರಕೀಯವಲ್ಲ. ಭಾಷೆಗೆ ಅವರು ‘ಬಹಾಸ’ ಎನ್ನುತ್ತಾರೆ. ಸಂಸ್ಕೃತದ ‘ದ್ವಿ’ಯನ್ನು ಸೇರಿಸಿ ಅವರು ಕಟ್ಟಿಕೊಂಡ ಇನ್ನೊಂದು ಪದವನ್ನು ವಾಚಕರು ಗಮನಿಸಬೇಕು: ‘ದ್ವಿಫುಂಗ್ಸಿ’. ಸೈನ್ಯಕ್ಕೆ ಎರಡು ಕಾರ್ಯಗಳುಂಟು, ಒಂದು ದೇಶರಕ್ಷಣೆ, ಇನ್ನೊಂದು ರಾಜ್ಯಭಾರ ಎಂಬುದು ಅದರ ಅರ್ಥ. ಮುಸ್ಲಿಮರು ಬಹುಸಂಖ್ಯಾತರಾಗಿರುವ ಆ ವಿಶಾಲ ದ್ವೀಪರಾಷ್ಟ್ರವನ್ನು ಮೂರು ದಶಕಗಳ ಕಾಲ ಆಳಿದ್ದು ಈ ತತ್ತ್ವವೇ.

ಜನರಲ್ ಸುಹಾರ್ತೊ ಅಧಿಕಾರಕ್ಕೆ ಏರಿದ್ದು ರಕ್ತದ ಹಾದಿಯಲ್ಲಿ. 1965-66ರಲ್ಲಿ ಕಮ್ಯೂನಿಸ್ಟರೆಂಬ ಹೆಸರಿನಲ್ಲಿ ಕೊಲೆಯಾದವರು ಕಡಿಮೆಯೆಂದರೂ ಐದು ಲಕ್ಷವೆಂದು ಅನೇಕ ಚರಿತ್ರಕಾರರು ಅಂದಾಜು ಮಾಡಿದ್ದಾರೆ. ಆಮೇಲೆ ಚುನಾವಣೆಗಳೇನೋ ನಡೆಯುತ್ತಿದ್ದವು. ಗೆಲ್ಲುವವರು ಯಾರೆಂಬುದು ಮಾತ್ರ ಎಲ್ಲರಿಗೂ ಮೊದಲೇ ತಿಳಿದಿರುತ್ತಿತ್ತು. 500 ಸ್ಥಾನಗಳ ಶಾಸನಸಭೆಯಲ್ಲಿ ಒಂದು ಕಾಲಕ್ಕೆ 100 ಸ್ಥಾನಗಳು ಸೈನ್ಯಕ್ಕೇ ಮೀಸಲಾಗಿದ್ದವು. ಪೊಲೀಸರೂ ಸೈನ್ಯದ ಒಂದು ಅಂಗವೇ ಆಗಿದ್ದರು. ಹೊಡೆದವನೂ ದೂರು ಬರೆದುಕೊಳ್ಳಬೇಕಾದವನೂ ಒಂದೇ ಪಡೆಯವರಾದರೆ ಬಡಪಾಯಿ ಪ್ರಜೆ ಯಾರ ಬಾಗಿಲು ತಟ್ಟಬೇಕು, ನೀವೇ ಹೇಳಿ.

1997ರಲ್ಲಿ ಅಲ್ಲಿನ ನಾಣ್ಯವಾದ ರೂಪಿಯಾದ ಬೆಲೆ ಕುಸಿದು ದಿನಸಿ ಕೈಗೆಟುಕದಂತಾಯಿತು. 1998ರ ಮೇ 12ರಂದು ಜಕಾರ್ತದ ತ್ರಿಸಕ್ತಿ ವಿಶ್ವವಿದ್ಯಾಲಯದಲ್ಲಿ ನಾಲ್ವರು ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದರು. ಅನಂತರದ ದೊಂಬಿಯಲ್ಲಿ ಚೀನೀ ಮೂಲದವರ ಅಂಗಡಿಗಳು ಉರಿದವು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಮೇ 21ರಂದು ಸುಹಾರ್ತೊ ಪದತ್ಯಾಗ ಮಾಡಿದರು.

ಆಮೇಲೆ ನಡೆದ ಕೆಲಸದಲ್ಲಿ ಅಬ್ಬರವಿಲ್ಲ. ನನ್ನ ಎಣಿಕೆಯಲ್ಲಿ ಅದೇ ದೊಡ್ಡದು. 1999ರ ಏಪ್ರಿಲ್ 1ರಂದು ಪೊಲೀಸರನ್ನು ಸೈನ್ಯದಿಂದ ಬೇರ್ಪಡಿಸಲಾಯಿತು. ಜೂನ್ 7ರಂದು 48 ಪಕ್ಷಗಳು ಚುನಾವಣೆಗೆ ನಿಂತವು. ಸೈನ್ಯದ ಸ್ಥಾನಗಳು 38ಕ್ಕೆ ಇಳಿದು, 2004ರಲ್ಲಿ ಇಲ್ಲವಾದವು. ಇಸ್ಲಾಂ ಇರುವಲ್ಲಿ ಪ್ರಜಾಪ್ರಭುತ್ವ ಬೇರೂರದೆಂದು ವಾದಿಸುವವರು ಇಲ್ಲಿ ಸ್ವಲ್ಪ ತಾಳಬೇಕು. 1999ರ ಅಕ್ಟೋಬರಿನಲ್ಲಿ ಅಧ್ಯಕ್ಷರಾದ ಅಬ್ದುರ್ರಹಮಾನ್ ವಾಹಿದ್ ಅವರು ನಹ್ದತುಲ್ ಉಲಮಾ ಎಂಬ ಧರ್ಮಪಂಡಿತರ ಮಹಾಸಂಸ್ಥೆಯನ್ನು ಹದಿನೈದು ವರ್ಷ ನಡೆಸಿದವರು. ಚೀನೀಯರ ಹಬ್ಬಗಳ ಬಹಿರಂಗ ಆಚರಣೆಗೆ 1967ರಿಂದ ಇದ್ದ ನಿರ್ಬಂಧವನ್ನು 2000ದಲ್ಲಿ ತೆಗೆದುಹಾಕಿದವರು ಅವರೇ.

ಆದರೆ ಹಳೆಯ ಲೆಕ್ಕ ಚುಕ್ತಾ ಆಗಲಿಲ್ಲ. 1999ರಲ್ಲಿ ಪೂರ್ವ ತಿಮೋರಿನಲ್ಲಿ ನಡೆದ ಹಿಂಸೆಗಾಗಿ ಜಕಾರ್ತದ ವಿಶೇಷ ನ್ಯಾಯಾಲಯ 18 ಮಂದಿಯನ್ನು ವಿಚಾರಿಸಿತು. ಮೇಲ್ಮನವಿಗಳೆಲ್ಲ ಮುಗಿದಾಗ ಒಬ್ಬರಿಗೂ ಶಿಕ್ಷೆ ಉಳಿಯಲಿಲ್ಲ. ಕಾಣೆಯಾದವರ ಪರವಾಗಿ ಹೋರಾಡುತ್ತಿದ್ದ ವಕೀಲ ಮುನೀರ್ ಅವರ ಪ್ರಕರಣವಂತೂ ಮನಸ್ಸನ್ನು ಕಲಕುತ್ತದೆ. 2004ರ ಸೆಪ್ಟೆಂಬರ್ 7ರಂದು, ಹೆಚ್ಚಿನ ವ್ಯಾಸಂಗಕ್ಕಾಗಿ ಹಾಲೆಂಡಿಗೆ ಹೊರಟಿದ್ದ ಅವರು ವಿಮಾನದಲ್ಲೇ ಪ್ರಾಣಬಿಟ್ಟರು. ಅವರ ದೇಹದಲ್ಲಿ ಪಾಷಾಣ ಸಿಕ್ಕಿತು. ಆಗ ಅವರಿಗೆ 38 ವರ್ಷ. ದೇಶದ ಜನ ತಮ್ಮ ಅಧ್ಯಕ್ಷನನ್ನು ಮೊಟ್ಟಮೊದಲ ಬಾರಿಗೆ ನೇರವಾಗಿ ಆರಿಸುತ್ತಿದ್ದ ವರ್ಷವದು. ಅಂತಿಮ ಸುತ್ತಿನ ಮತದಾನಕ್ಕೆ ಇನ್ನು ಹದಿಮೂರು ದಿನಗಳಿದ್ದವು. ಕೊಲೆಗಾಗಿ ಒಬ್ಬ ವಿಮಾನ ಚಾಲಕನಿಗೆ ಶಿಕ್ಷೆಯಾಯಿತು. ಗುಪ್ತಚರ ಸಂಸ್ಥೆಯ ಮಾಜಿ ಹಿರಿಯ ಅಧಿಕಾರಿಯೊಬ್ಬರನ್ನು ನ್ಯಾಯಾಲಯ 2008ರ ಕೊನೆಯಲ್ಲಿ ಖುಲಾಸೆ ಮಾಡಿತು.

2007ರ ಜನವರಿ 18ರಿಂದ, ಇಂತಹವರ ತಾಯಂದಿರೂ ಮಡದಿಯರೂ ಗುರುವಾರದ ಸಂಜೆಗಳಲ್ಲಿ ಕಪ್ಪು ಉಡುಪು ತೊಟ್ಟು, ಕಪ್ಪು ಕೊಡೆ ಹಿಡಿದು, ಅಧ್ಯಕ್ಷರ ಅರಮನೆಯ ಎದುರು ಮೌನವಾಗಿ ನಿಲ್ಲತೊಡಗಿದರು. ಆ ಅರಮನೆಗೆ ಅನಂತರ ಬಂದ ಅಧ್ಯಕ್ಷರು ಬದಲಾದರೂ ಕೊಡೆಗಳು ಬರುವುದು ನಿಲ್ಲಲಿಲ್ಲ. 2025ರ ಮಾರ್ಚ್ 20ರಂದು, ಸೇವೆಯಲ್ಲಿರುವ ಸೇನಾಧಿಕಾರಿಗಳು ಇನ್ನೂ ಹಲವು ಸರ್ಕಾರಿ ಇಲಾಖೆಗಳಲ್ಲಿ ಹುದ್ದೆ ಹಿಡಿಯಬಹುದೆಂಬ ತಿದ್ದುಪಡಿಯನ್ನು ಶಾಸನಸಭೆ ಅಂಗೀಕರಿಸಿತು. ಅಂದೂ ಗುರುವಾರವೇ.