ಮೇಷ್ಟ್ರ ರಜೆ, ಕೂಲಿಯವರ ರಜೆ

ವಿದುರಾಶ್ವತ್ಥ ಅಂದ ಕೂಡಲೇ ನಮ್ಮ ಸೀಮೆಯವರಿಗೆ ಎರಡು ನೆನಪಾಗುತ್ತವೆ. ಒಂದು, ದಾಸಿಯ ಮಗ ವಿದುರ ನೆಟ್ಟದ್ದೆಂದು ಐತಿಹ್ಯ ಹೇಳುವ ಅಶ್ವತ್ಥ ಮರ. ಆ ಮರ 2001ರಲ್ಲಿ ಉರುಳಿತು, ನಾಗರಕಲ್ಲುಗಳು ಉಳಿದಿವೆ. ಇನ್ನೊಂದು, 1938ರ ಏಪ್ರಿಲ್ 25ರ ಗೋಲೀಬಾರು. ಬಾವುಟ ಹಾರಿಸಬಾರದು, ಸಭೆ ಸೇರಬಾರದು ಅಂತ ಮೈಸೂರು ಸರ್ಕಾರದ ಹುಕುಂ ಇತ್ತು. ಆದರೂ ಜನ ಸೇರಿದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರು 10 ಅಂದಿತು ಸರ್ಕಾರ. ಜನರ ಲೆಕ್ಕ ಮೂವತ್ತು ದಾಟುತ್ತದೆ.

ಇವತ್ತು ಆ ಸ್ಮಾರಕ ನೋಡಲು ಶಾಲೆ ಮಕ್ಕಳು ಬರ್ತಾರೆ. ಕರೆದುಕೊಂಡು ಬರುವವರು ಮೇಷ್ಟ್ರುಗಳು. ಹುಕುಂ ಮೀರಿ ಜನ ಸೇರಿದ್ದು ನ್ಯಾಯ ಅಂತ ಪಾಠ ಹೇಳುವವರೂ ಅವರೇ. ಆದರೆ ಅದೇ ಮೇಷ್ಟ್ರು ತನ್ನ ಸಂಘದ ಬಾವುಟ ಹಿಡಿದು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಹೋದರೆ ಊರು ಏನನ್ನುತ್ತೆ? "ಇವರಿಗೆ ಸಂಬಳ ಸಾಲ್ದಾ? ವರ್ಷದಲ್ಲಿ ಅರ್ಧ ರಜೆ. ಅದರ ಮೇಲೆ ಇದೊಂದು ಬೇರೆ!" ಈ ಮಾತು ಎಲ್ಲಿಂದ ಹುಟ್ಟುತ್ತದೆ ಅಂತ ನಾವು ಕೇಳಿಕೊಳ್ಳಬೇಕು.

ಇದರ ಬೇರು ಹಳೇದು. ಗುರು ಅಂದರೆ ಸನ್ಯಾಸಿ, ಸಂಬಳ ಕೇಳೋದು ಗುರುವಿಗೆ ಲಕ್ಷಣ ಅಲ್ಲ ಅನ್ನೋದು ಮೇಲ್ಜಾತಿಯ ಗುರುಕುಲದ ನೀತಿ. ಹೆಬ್ಬೆರಳು ಕೇಳಬಹುದಿತ್ತು, ಸಂಬಳ ಕೇಳಬಾರದಿತ್ತು! ನಮ್ಮ ತಾಲ್ಲೂಕಿನಲ್ಲಿ ಈ ನೀತಿಗೆ ಎಚ್. ನರಸಿಂಹಯ್ಯನವರ ಹೆಸರನ್ನ ಎಳೆದು ತರ್ತಾರೆ. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ ಹುಟ್ಟಿದವರು. ಓದಲಿಕ್ಕೆ ಬೆಂಗಳೂರಿಗೆ ನಡೆದೇ ಹೋದವರು. ಮದುವೆಯಾಗದೆ ಹಾಸ್ಟೆಲಿನ ಕೋಣೆಯಲ್ಲೇ ಬಾಳಿದವರು. 1972ರಿಂದ 77ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಆ ಹಿರಿಯ ಜೀವಕ್ಕೆ ನಮ್ಮ ಗೌರವವಿದೆ. ಆದರೆ ಅವರ ಹೆಸರು ಹೇಳಿ ಮೇಷ್ಟ್ರ ಬಾಯಿ ಮುಚ್ಚಿಸುವವರು ಒಂದು ಸಂಗತಿ ಮರೀತಾರೆ. 1942ರಲ್ಲಿ ಈ ನರಸಿಂಹಯ್ಯನವರೇ ತರಗತಿ ಬಿಟ್ಟು ಚಳವಳಿಗೆ ಇಳಿದು ಜೈಲು ಸೇರಿದ್ದರು. ಅವರ ಆತ್ಮಕಥೆಯ ಹೆಸರೇ 'ಹೋರಾಟದ ಹಾದಿ'.

ಸ್ವಾತಂತ್ರ್ಯ ಬಂದ ಮೇಲೂ ಹುಕುಂ ಹೋಗಲಿಲ್ಲ. ಸರ್ಕಾರಿ ನೌಕರರ 1966ರ ನಡತೆ ನಿಯಮಗಳು ಮುಷ್ಕರ ಮಾಡಬಾರದು ಅಂದವು. 2003ರಲ್ಲಿ ಪಕ್ಕದ ತಮಿಳುನಾಡು ಮುಷ್ಕರ ಹೂಡಿದ ಲಕ್ಷಕ್ಕೂ ಹೆಚ್ಚು ನೌಕರರನ್ನ, ಮೇಷ್ಟ್ರುಗಳನ್ನ ಒಂದೇ ಏಟಿಗೆ ವಜಾ ಮಾಡಿತು. ನೌಕರರಿಗೆ ಮುಷ್ಕರದ ಹಕ್ಕು ಕಾನೂನಿನಲ್ಲೂ ಇಲ್ಲ, ನೈತಿಕವಾಗಿಯೂ ಇಲ್ಲ ಅಂತ ಸುಪ್ರೀಂ ಕೋರ್ಟು ಅದೇ ವರ್ಷ ತೀರ್ಪು ಕೊಟ್ಟಿತು. ಆದರೆ 2023ರ ಮಾರ್ಚ್ 1ರಂದು ಕರ್ನಾಟಕದ ನೌಕರರು, ಮೇಷ್ಟ್ರುಗಳು ಕೆಲಸ ನಿಲ್ಲಿಸಿದಾಗ ಏನಾಯ್ತು? ಅವತ್ತೇ ಸರ್ಕಾರ ಮೂಲ ವೇತನದ ಶೇಕಡ 17ರಷ್ಟು ಮಧ್ಯಂತರ ಪರಿಹಾರ ಕೊಟ್ಟಿತು. ಅರ್ಜಿ ಹಿಡಿದು ನಿಂತಿದ್ದರೆ ಒಂದೇ ದಿನದಲ್ಲಿ ಇದು ಸಿಗ್ತಿತ್ತಾ?

ಇನ್ನು ರಜೆಯ ಮಾತು. 2009ರ ಶಿಕ್ಷಣ ಹಕ್ಕು ಕಾಯಿದೆ ಐದನೇ ತರಗತಿವರೆಗೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಶಾಲೆ ನಡೆಯಬೇಕು ಅನ್ನುತ್ತೆ. ಪಾಠದ ತಯಾರಿ ಸೇರಿ ವಾರಕ್ಕೆ 45 ಗಂಟೆ ದುಡಿಮೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಇವು ಮೂರು ಬಿಟ್ಟು ಬೇರೆ ಕೆಲಸಕ್ಕೆ ಮೇಷ್ಟ್ರನ್ನ ಕಳಿಸಬಾರದು ಅಂತಲೂ ಬರೆದಿದೆ. ನಡೀತಿರೋದೇನು? ಹಾಲು, ಮೊಟ್ಟೆ, ಬಿಸಿಯೂಟದ ಲೆಕ್ಕ ಬರೆಯೋದು ಮೇಷ್ಟ್ರು. ಮತದಾರರ ಪಟ್ಟಿ ಹಿಡಿದು ತಿರುಗೋದು ಮೇಷ್ಟ್ರು. 2025ರ ಮೇ ತಿಂಗಳ ಬೇಸಿಗೆ ರಜೆಯಲ್ಲಿ ಒಳಮೀಸಲಾತಿಯ ಸಮೀಕ್ಷೆಗೆ ಹೋದವರು ಮೇಷ್ಟ್ರು. ಅದೇ ವರ್ಷದ ದಸರಾ ರಜೆಯಲ್ಲಿ ಇನ್ನೊಂದು ಸಮೀಕ್ಷೆ. ಅದು ಮುಗಿಯದೆ ಅಕ್ಟೋಬರ್ 18ರವರೆಗೆ ಶಾಲೆ ಮುಚ್ಚಿದರೆ ಊರಿನ ಮಾತು ಮಾತ್ರ ಅದೇ: "ಮತ್ತೆ ರಜೆ ಕಣ್ರೀ ಇವರಿಗೆ!"

ಇಲ್ಲಿ ನಾವು ಒಂದು ಮಾತು ಮುಚ್ಚಿಡಬಾರದು. ಆ ಎಣಿಕೆ ನಮಗೆ ಬೇಕಿತ್ತು. ಅದಕ್ಕಾಗಿ ವರ್ಷಗಟ್ಟಲೆ ಬೀದಿಯಲ್ಲಿ ಕೂತವರು ನಮ್ಮವರು. ನಮ್ಮ ತಲೆ ಎಣಿಸೋದಕ್ಕೆ ನಮ್ಮ ಮಕ್ಕಳ ಪಾಠವನ್ನೇ ನಿಲ್ಲಿಸಿದ್ದು ಮೇಷ್ಟ್ರ ತಪ್ಪಲ್ಲ. ಎಣಿಸಲು ಬೇರೆ ಕೈಗಳನ್ನ ನೇಮಿಸದ ಸರ್ಕಾರದ ತಪ್ಪು.

ಹಾಗಂತ ಮೇಷ್ಟ್ರೆಲ್ಲ ನಮ್ಮ ನೆಂಟರೇನೂ ಅಲ್ಲ. ನಮ್ಮ ಮಕ್ಕಳನ್ನ ಹಿಂದಿನ ಸಾಲಿಗೆ ತಳ್ಳಿದ ಕೈ, ಪೊರಕೆ ಕೊಟ್ಟ ಕೈ ನಮಗೆ ಗೊತ್ತಿದೆ. 2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನ ಶೌಚಗುಂಡಿಗೆ ಇಳಿಸಿದ್ದನ್ನ ನಾಡೇ ನೋಡಿತು. ಸಂಬಳಕ್ಕೆ ಮುಷ್ಕರ ಮಾಡುವ ಸಂಘಗಳು ಇಂಥದ್ದಕ್ಕೂ ಬೀದಿಗೆ ಬರಬೇಕು ಅಂತ ಕೇಳುವ ಹಕ್ಕು ನಮಗಿದೆ. ಯಾಕೆಂದರೆ ಸರ್ಕಾರಿ ಶಾಲೆ ಬಾಗಿಲು ಹಾಕಿದ ದಿನ ನಷ್ಟ ಆಗೋದು ಕಾನ್ವೆಂಟಿಗೆ ಮಗು ಕಳಿಸಿ ಜಗಲಿ ಮೇಲೆ ಕೂತು ಮೇಷ್ಟ್ರನ್ನ ಬೈಯುವ ಗೌಡರಿಗಲ್ಲ. ನಮಗೆ. ಅವತ್ತು ನಮ್ಮ ಮಗುವಿಗೆ ಅಕ್ಷರವೂ ಇಲ್ಲ, ಮಧ್ಯಾಹ್ನದ ಅನ್ನವೂ ಇಲ್ಲ.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ, ಚಿಂತಾಮಣಿ ಕಡೆ ಟೊಮೊಟೊ ಕೀಳುವ ನಮ್ಮ ಹೆಣ್ಣುಮಕ್ಕಳಿಗೆ ರಜೆ ಅಂದರೆ ಕೂಲಿ ಇಲ್ಲದ ದಿನ. ಅವರು "ಮೇಷ್ಟ್ರಿಗೇನಪ್ಪಾ, ಕೂತರೂ ಸಂಬಳ" ಅಂದರೆ ಆ ಹೊಟ್ಟೆಕಿಚ್ಚಿನಲ್ಲಿ ನ್ಯಾಯ ಇದೆ. ಆದರೆ ಆ ನ್ಯಾಯ ಯಾರ ಕಡೆ ತಿರುಗಬೇಕು? ಮೇಷ್ಟ್ರ ರಜೆ ಕಿತ್ತುಕೊಂಡರೆ ನಮಗೆ ರಜೆ ಸಿಗುತ್ತಾ? ಸಂಬಳದ ರಜೆ ಕೂಲಿಯವರಿಗೂ ಬೇಕು ಅನ್ನೋದು ನಮ್ಮ ಕೂಗಾಗಬೇಕು.

ಅದೇ ಶಾಲೆಯ ಒಳಗೇ ಒಬ್ಬ ಕೂಲಿಯವನಿದ್ದಾನೆ, ನೋಡಿ. ಅವನಿಗೆ 'ಅತಿಥಿ ಶಿಕ್ಷಕ' ಅಂತ ಹೆಸರು. ಅವನ ಕೂಲಿಗೆ 'ಗೌರವಧನ' ಅಂತ ಹೆಸರು. 2025ರ ಬಜೆಟ್ಟಿನಲ್ಲಿ 2,000 ರೂಪಾಯಿ ಏರಿಸಿದ ಮೇಲೂ ಪ್ರಾಥಮಿಕ ಶಾಲೆಯಲ್ಲಿ ಅವನಿಗೆ ತಿಂಗಳಿಗೆ 12,000. ಬೇಸಿಗೆ ರಜೆ ಬಂತೆಂದರೆ ಅದೂ ಇಲ್ಲ. ಅವನ ರಜೆ ನಮ್ಮ ರಜೆಯ ಹಾಗೇ, ಒಲೆ ಆರಿದ ರಜೆ. ಕಾಯಂ ಮೇಷ್ಟ್ರುಗಳ ಮುಷ್ಕರದ ಬೇಡಿಕೆಯಲ್ಲಿ ಈ ಅತಿಥಿಯ ಸಂಬಳ ಮೊದಲ ಸಾಲಾಗಲಿ, ನಮ್ಮ ಮಕ್ಕಳ ಮಾನ ಎರಡನೇ ಸಾಲಾಗಲಿ. ಆಗ ವಿದುರಾಶ್ವತ್ಥದ ಪಾಠ ಹೇಳುವ ಮೇಷ್ಟ್ರ ಜೊತೆ ಕೇರಿಯೂ ಬೀದಿಗೆ ಬರುತ್ತೆ.